ಚೊಗರು ಹತ್ತಿದ ಕೈ ಮತ್ತು ಸಾಫ್ಟ್ ಸ್ಕಿಲ್

ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳು. ನಮ್ಮ ಕಡೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೊನೇ ವರ್ಷದ ಹುಡುಗೀರ ಮುಂದೆ ಪ್ರೊಜೆಕ್ಟರ್ ಹಚ್ಚಿಕೊಂಡು ನಿಂತಿದ್ದೆ. ಕಂಪನಿಯ ಸಿಎಸ್ಆರ್ ತಂಡದವರು "ನೀವು ಆ ಕಡೆಯವರೇ ಅಲ್ವಾ, ನೀವೇ ಹೋಗಿ" ಅಂತ ಕಳಿಸಿದ್ದರು. ಎರಡು ದಿನದ ತರಬೇತಿ. ಸ್ಲೈಡುಗಳನ್ನು ಬೆಂಗಳೂರಿನಲ್ಲೇ ಯಾರೋ ಮಾಡಿಟ್ಟಿದ್ದರು. ಸ್ವಪರಿಚಯ, ರೆಸ್ಯೂಮೆ, ಬಾಡಿ ಲಾಂಗ್ವೇಜ್, ಕೊನೆಗೆ 'ನಿಮ್ಮ ಮೇಲೆ ನೀವೇ ಹೂಡಿಕೆ ಮಾಡಿ'.

ಊಟ ಆದ ಮೇಲೆ ಅರ್ಧ ಕ್ಲಾಸು ತೂಕಡಿಸ್ತಾ ಇತ್ತು. ಜೊತೆಗೆ ಬಂದಿದ್ದ ಟ್ರೇನರ್ ನನ್ನ ಹತ್ತಿರ ಬಂದು "ಎನರ್ಜಿ ಲೆವೆಲ್ ತುಂಬಾ ಕಮ್ಮಿ ಇದೆ, ಒಂದು ಆ್ಯಕ್ಟಿವಿಟಿ ಮಾಡಿಸೋಣ" ಅಂದ್ರು. ಹ್ಯಾಂಡ್‌ಶೇಕ್ ಮಾಡೋದು ಹೇಗೆ ಅನ್ನೋ ಆ್ಯಕ್ಟಿವಿಟಿ. ಎರಡನೇ ಬೆಂಚಿನ ಹುಡುಗಿಗೆ ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ, ದುಪಟ್ಟಾ ಒಳಗೆ ಸೇರಿಸಿಕೊಂಡಳು. ಟ್ರೇನರ್ ಮುಖದಲ್ಲಿ 'ನೋಡಿದ್ರಾ, ಕಾನ್ಫಿಡೆನ್ಸ್ ಇಲ್ಲ' ಅನ್ನೋ ಭಾವ. ನನಗೆ ಮಾತ್ರ ಅವಳ ಬೆರಳು ಕಂಡಿತ್ತು. ತುದಿಯಿಂದ ಅಂಗೈವರೆಗೆ ಕಪ್ಪು. ಅಡಿಕೆ ಚೊಗರು.

"ರಾತ್ರಿ ಎಷ್ಟೊತ್ತಿನ ತನಕ ಸುಲಿದ್ರಿ?" ಅಂತ ಕೇಳಿದೆ.

ಅವಳು ನಕ್ಕಳು. "ಹನ್ನೊಂದೂವರೆ ಆಯ್ತು ಅಕ್ಕ. ನಿನ್ನೆ ಜಾಸ್ತಿ ಕೊನೆ ಬಂದಿತ್ತು."

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಹಸಿ ಅಡಿಕೆಯನ್ನು ಕೊಯ್ದ ಮೇಲೆ ತಡಮಾಡದೆ ಸುಲಿದು ಬೇಯಿಸಬೇಕು, ದಿನಗಟ್ಟಲೆ ಇಡುವ ಹಾಗಿಲ್ಲ. ಹಾಗಾಗಿ ಹಗಲು ಕೊಯ್ಲು, ರಾತ್ರಿ ಸುಲಿತ. ಮೆಷಿನ್ ಬಂದಿದೆ, ಆದರೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರು ಇದ್ದೇ ಇದ್ದಾರೆ. ಕೂಲಿ ದಿನದ ಲೆಕ್ಕವಲ್ಲ, ಸುಲಿದಷ್ಟಕ್ಕೆ. ಕಾಲೇಜು ಹುಡುಗೀರ ಪರೀಕ್ಷೆ ಫೀಸು, ಬಸ್ ಪಾಸು, ಮೊಬೈಲ್ ರೀಚಾರ್ಜು ಬಹಳಷ್ಟು ಸಲ ಈ ಮೂರು ತಿಂಗಳಲ್ಲೇ ಹುಟ್ಟಬೇಕು. ನಾನೂ ಸುಲಿದವಳೇ. ಆ ಕಪ್ಪು ಹೋಗೋಕೆ ವಾರಗಟ್ಟಲೆ ಬೇಕು, ಯಾವ ಸೋಪಿಗೂ ಜಗ್ಗಲ್ಲ.

ಅವತ್ತು ವಾಪಸ್ ಮನೆಗೆ ಹೋದಾಗ ಅಮ್ಮನಿಗೆ ಹೇಳಿದೆ. "ಎಂತ ಟ್ರೈನಿಂಗು ಕೊಡಕ್ಕೆ ಹೋಗಿದ್ದೆ ನೀನು?" ಅಂತ ಕೇಳಿದಳು. ಸಾಫ್ಟ್ ಸ್ಕಿಲ್ ಅಂದೆ. ಅರ್ಥ ಆಗಲಿಲ್ಲ. ವಿವರಿಸಿದೆ. "ಓ, ನಮಗೂ ಕೊಟ್ಟಿದ್ರಲ್ಲ ಮಾರಾಯ್ತಿ ಟ್ರೈನಿಂಗು" ಅಂತ ಟ್ರಂಕಿನಿಂದ ಒಂದು ಸರ್ಟಿಫಿಕೇಟ್ ತೆಗೆದಳು. ಹೊಲಿಗೆ ತರಬೇತಿ, ಟ್ರೈಸೆಮ್. ಈ ಬರಹ ಹುಟ್ಟಿದ್ದು ಆ ಟ್ರಂಕಿನಿಂದ.

ಟ್ರೈಸೆಮ್ ಅಂದರೆ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. 1979ರ ಆಗಸ್ಟ್ 15ಕ್ಕೆ ಶುರುವಾಯ್ತು. 18ರಿಂದ 35 ವರ್ಷದ ಬಡ ಕುಟುಂಬದವರಿಗೆ ಕಸುಬು ಕಲಿಸೋದು, ಕಲಿಯುವಾಗ ಸ್ವಲ್ಪ ಸ್ಟೈಪೆಂಡ್, ಕಲಿತ ಮೇಲೆ ಬ್ಯಾಂಕ್ ಸಾಲ. ಹೆಂಗಸರಿಗೆ ಇಂತಿಷ್ಟು ಪಾಲು ಅಂತ ನಿಗದಿ ಇತ್ತು. ಹೆಂಗಸರಿಗೆ ಅಂದ ಕೂಡಲೇ ದೇಶದ ತುಂಬ ಅಧಿಕಾರಿಗಳ ತಲೆಗೆ ಬಂದದ್ದು ಹೊಲಿಗೆ. ಅಮ್ಮನ ಬ್ಯಾಚಿನಲ್ಲಿ ನಮ್ಮೂರು, ಪಕ್ಕದೂರು ಸೇರಿ ಆರು ಜನ. ಆರೂ ಜನ ಟೈಲರ್. ಎರಡೂ ಊರು ಸೇರಿ ನಲವತ್ತು ಮನೆ. ಹೊಸ ಬಟ್ಟೆ ಹೊಲಿಸೋದು ಹಬ್ಬಕ್ಕೊಂದು ಸಲ, ಮದುವೆಗೊಂದು ಸಲ. ಯಾರು ಯಾರಿಗೆ ಹೊಲಿಯೋದು? ಅಮ್ಮನಿಗೆ ಸಾಲ ಸಿಗಲಿಲ್ಲ, ಮಿಷನ್ ಬಂದದ್ದು ಹನ್ನೊಂದು ವರ್ಷದ ಮೇಲೆ, ಚೀಟಿ ದುಡ್ಡಿನಲ್ಲಿ. ಟ್ರೈಸೆಮ್ ಅನ್ನು 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯೊಳಗೆ ಸೇರಿಸಿಬಿಟ್ಟರು. ಅಮ್ಮನಿಗೆ ಇವತ್ತಿಗೂ ಅದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬಂದಿಲ್ಲ.

ಇಲ್ಲಿಂದ ಹಿಂದಕ್ಕೆ ಹೋದರೆ ಒಂದು ವಿಚಿತ್ರ ಕಾಣುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಬಡ ಮನೆಯ ಹೆಣ್ಣುಮಕ್ಕಳು ಕಾಲೇಜಿನ ಬೆಂಚಿಗೆ ಬಂದು ಕೂತದ್ದರ ಹಿಂದೆ ಇರುವ ಘಟನೆಗಳು ಯಾವುವೂ 'ಹೆಣ್ಣುಮಕ್ಕಳ ಅಭಿವೃದ್ಧಿ' ಅನ್ನೋ ಫೈಲಿನಲ್ಲಿ ಇಲ್ಲ.

ಮೊದಲನೇದು ಜಮೀನು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅನ್ನೋದು ಗೇಣಿದಾರರ ದೂರು. ಎಚ್. ಗಣಪತಿಯಪ್ಪ ಸಂಘ ಕಟ್ಟಿದರು, ಸಮಾಜವಾದಿಗಳು ಕೈಜೋಡಿಸಿದರು, ರಾಮಮನೋಹರ ಲೋಹಿಯಾ ಕಾಗೋಡಿಗೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಆದರೂ ಉಳುವವನಿಗೆ ಭೂಮಿ ಬಂದದ್ದು ದೇವರಾಜ ಅರಸು ಕಾಲದಲ್ಲಿ, 1974ರ ತಿದ್ದುಪಡಿಯ ಮೇಲೆ. ನಮ್ಮಜ್ಜ ಫಾರಂ ನಂಬರ್ 7 ಹಾಕಿ ಒಂದೂವರೆ ಎಕರೆ ಗದ್ದೆ ಮಾಡಿಕೊಂಡದ್ದು ಆಗಲೇ. ಅಮ್ಮ ಏಳನೇ ಕ್ಲಾಸು ದಾಟಿದ್ದು ಆ ಒಂದೂವರೆ ಎಕರೆಯಿಂದ ಅಂತ ಅವಳೇ ಹೇಳ್ತಾಳೆ. ಗೇಣಿ ಅಳೆದು ಕೊಡೋದು ತಪ್ಪಿದ ಮೇಲೆ ಮನೇಲಿ ಮಳೆಗಾಲಕ್ಕೂ ಅಕ್ಕಿ ಉಳೀತು, ಮಗಳನ್ನ ದನ ಕಾಯಕ್ಕೆ ಕಳಿಸೋ ಅವಸರ ಕಮ್ಮಿ ಆಯ್ತು. ಅಷ್ಟೇ.

ಅದಕ್ಕೂ ಮುಂಚೆ ಓದೇ ಇರಲಿಲ್ಲ ಅಂತಲ್ಲ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರದ್ದು ಜಮೀನಿಲ್ಲದ ಮನೆಯೇನಲ್ಲ, ಆದರೂ ಅವರ ಶಾಲೆ ಮುಗಿದದ್ದು ಹನ್ನೆರಡನೇ ವಯಸ್ಸಿಗೆ, ಮದುವೆಯ ಜೊತೆಗೆ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಮನೆಯಲ್ಲಿ ಅನುಕೂಲ ಇದ್ದವರ ಕಥೆಯೇ ಇದು. ಗೇಣಿ ಮನೆಯ ಹೆಣ್ಣುಮಕ್ಕಳದ್ದು ಬರೆದಿಡೋರೂ ಇರಲಿಲ್ಲ.

ಎರಡನೇದು ಕಾಲೇಜು, ಹಾಸ್ಟೆಲು. ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಸಾಗರದ ಲಾಲ್ ಬಹದ್ದೂರ್ ಕಾಲೇಜು ಬರೋ ಮುಂಚೆ ಪದವಿ ಅಂದರೆ ಶಿವಮೊಗ್ಗ ಅಥವಾ ಇನ್ನೂ ದೂರ. ಆಮೇಲೆ ಸರ್ಕಾರಿ ಕಾಲೇಜುಗಳು ಬಂದವು. ಹೊಸನಗರದಲ್ಲಿ ಕೊಡಚಾದ್ರಿ ಹೆಸರಿನ ಕಾಲೇಜು, ಸಾಗರದಲ್ಲಿ ಹೆಣ್ಣುಮಕ್ಕಳಿಗೇ ಅಂತ ಇಂದಿರಾ ಗಾಂಧಿ ಹೆಸರಿನ ಕಾಲೇಜು. ಹಾವನೂರು ಆಯೋಗದ ವರದಿ 1975ರಲ್ಲಿ ಬಂದ ಮೇಲೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳಿಗೂ ಬಲ ಬಂತು. ಬಿಸಿಎಂ ಹಾಸ್ಟೆಲು ಅಂದರೆ ನಗರದಲ್ಲಿ ಬೆಳೆದವರಿಗೆ ಏನೂ ಅನ್ನಿಸಲ್ಲ. ನಮಗೆ ಅದು ಡಿಗ್ರಿ ಓದ್ತೀಯೋ ಇಲ್ಲವೋ ಅನ್ನೋದನ್ನ ತೀರ್ಮಾನ ಮಾಡೋ ಜಾಗ. ಸೀಟು ಸಿಕ್ಕಿದರೆ ಓದು, ಸಿಗದಿದ್ದರೆ ಬಸ್ಸು ಇದೆಯಾ ಅಂತ ನೋಡಬೇಕು.

ಬಸ್ಸಿನ ಕಥೆಯನ್ನೇ ಒಂದು ಪುಸ್ತಕ ಬರೀಬಹುದು. ಮಲೆನಾಡಿನ ಈ ತಾಲ್ಲೂಕುಗಳಲ್ಲಿ ಸರ್ಕಾರಿ ಬಸ್ಸಿಗಿಂತ ಖಾಸಗಿ ಬಸ್ಸೇ ಹೆಚ್ಚು. 1991ರಲ್ಲಿ ಕೊಪ್ಪದಲ್ಲಿ ಒಂದು ಸಾರಿಗೆ ಕಂಪನಿಯ ಕಾರ್ಮಿಕರೇ ಸೇರಿ 'ಸಹಕಾರ ಸಾರಿಗೆ' ಕಟ್ಟಿದರು. ಡ್ರೈವರು, ಕಂಡಕ್ಟರುಗಳೇ ಒಡೆಯರು. ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೂ ಆ ಬಸ್ಸುಗಳು ನುಗ್ಗಿದವು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟವು. ಸಾಲ, ಡೀಸೆಲ್ ದರ ಎಲ್ಲ ಸೇರಿ 2020ರಲ್ಲಿ ಸಂಸ್ಥೆ ಬಾಗಿಲು ಹಾಕಿತು. ಆಮೇಲೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಉಚಿತ. ಬೆಂಗಳೂರಿನ ನನ್ನ ಗೆಳತಿಯರು ಅದರ ಬಗ್ಗೆ ಪರ-ವಿರೋಧ ಜಗಳ ಆಡ್ತಿದ್ದಾಗ ನಮ್ಮೂರ ಹುಡುಗೀರು ಕಾಸು ಕೊಟ್ಟೇ ಹೋಗ್ತಿದ್ದರು. ಉಚಿತ ಇರೋದು ಸರ್ಕಾರಿ ಬಸ್ಸಿಗೆ. ನಮ್ಮೂರಿಗೆ ಬರೋದು ಖಾಸಗಿ ಬಸ್ಸು.

ಇನ್ನು ಶರಾವತಿ ಹಿನ್ನೀರಿನ ಆಚೆ ಇರೋರದ್ದು ಬೇರೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ತುಮರಿ ಸುತ್ತಿನ ಊರುಗಳು ಸಾಗರದಿಂದ ಕತ್ತರಿಸಿ ಹೋದವು. ನಾಡಿಗೆಲ್ಲ ಕರೆಂಟು, ಅವರಿಗೆ ಲಾಂಚು. ನಾ. ಡಿಸೋಜರ 'ದ್ವೀಪ' ಓದಿದವರಿಗೆ, ಸಿನಿಮಾ ನೋಡಿದವರಿಗೆ ಮುಳುಗಡೆ ಅಂದರೆ ಏನು ಅನ್ನೋದು ಗೊತ್ತು. ಸಂಜೆಯ ಕೊನೇ ಲಾಂಚ್ ಎಷ್ಟೊತ್ತಿಗೆ ಅನ್ನೋದೇ ಆ ಕಡೆಯ ಹುಡುಗೀರ ಟೈಮ್ ಟೇಬಲ್ಲು. ಕಾಲೇಜಿನ ನಾಟಕ, ಎನ್ನೆಸ್ಸೆಸ್ಸು, ಸ್ಪೆಷಲ್ ಕ್ಲಾಸು, 'ವ್ಯಕ್ತಿತ್ವ ವಿಕಸನ ಶಿಬಿರ' ಎಲ್ಲ ಲಾಂಚ್ ಹೊರಡೋದರೊಳಗೆ ಮುಗಿದರೆ ಅವರದ್ದು, ಇಲ್ಲದಿದ್ದರೆ ಇಲ್ಲ. ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ಅರವತ್ತೊಂದು ವರ್ಷ.

ಈಗ ತರಬೇತಿಗಳ ಕಡೆ ವಾಪಸ್ ಬರ್ತೀನಿ. ಅಮ್ಮನ ಹೊಲಿಗೆ ಆದ ಮೇಲೆ ನಮ್ಮ ದೊಡ್ಡಮ್ಮನ ಮಗಳು ಅಕ್ಕನ ಕಾಲ. ಅವಳದ್ದು ಟೈಪಿಂಗ್. ತೊಂಬತ್ತರ ದಶಕದಲ್ಲಿ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಜೂನಿಯರ್, ಸೀನಿಯರ್, ಶಾರ್ಟ್‌ಹ್ಯಾಂಡು. ಅಕ್ಕ ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಪಾಸು. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ಹೊಂದಿಸಿದ ಅನಂತಸುಬ್ಬರಾಯರ ವಿನ್ಯಾಸ ಅವಳ ಬೆರಳಿಗೆ ಅಂಟಿಹೋಗಿತ್ತು. ಆಫೀಸುಗಳಿಗೆ ಅರ್ಜಿ ಹಾಕ್ತಾ ಹಾಕ್ತಾ ಇರುವಾಗಲೇ ಅಲ್ಲಿಗೆ ಕಂಪ್ಯೂಟರ್ ಬಂತು, ಹಿಂದೆಯೇ 'ನುಡಿ' ತಂತ್ರಾಂಶ ಬಂತು, ಕೆ.ಪಿ. ರಾಯರ ಕೀಲಿಮಣೆ ಬಂತು. ಅವಳು ಎಲ್ಲ ಮರೆತು ಮತ್ತೆ ಮೊದಲಿಂದ ಕಲಿತಳು. ಸಾಫ್ಟ್‌ವೇರಿನವಳಾಗಿ ಹೇಳ್ತೀನಿ, ಕಲಿತ ಕೀಲಿಮಣೆಯನ್ನು ಬೆರಳು ಮರೆಯೋ ಹಾಗೆ ಮಾಡೋದು ಹೊಸ ಭಾಷೆ ಕಲಿಯೋದಕ್ಕಿಂತ ಕಷ್ಟ. ಇವತ್ತು ತಾಲ್ಲೂಕು ಕಚೇರಿ ಎದುರು ಅವಳದ್ದೇ ಡಿಟಿಪಿ ಅಂಗಡಿ ಇದೆ. ನಮ್ಮ ಮೂರು ತಲೆಮಾರಿನ ತರಬೇತಿಗಳಲ್ಲಿ ನೇರವಾಗಿ ಅನ್ನ ಕೊಟ್ಟದ್ದು ಅದೊಂದೇ. ಅವಳ ಗಂಡನ ಮನೆ ಪೇಟೆಯಲ್ಲೇ ಇತ್ತು ಅನ್ನೋದನ್ನೂ ಸೇರಿಸಿ ಹೇಳಬೇಕು. ಬಸ್ಸು ಬೇಕಾಗಲಿಲ್ಲ.

ಆಮೇಲೆ ನಮ್ಮ ಕಾಲ, 'ವ್ಯಕ್ತಿತ್ವ ವಿಕಸನ'. ಈ ಪದ ಕನ್ನಡದಲ್ಲಿ ಮನೆಮಾತಾದದ್ದು ಹೀಗೀಗ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಒಂದು ಕಡೆ, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ಪುಸ್ತಕಗಳು ಇನ್ನೊಂದು ಕಡೆ. ನಮ್ಮ ಹಾಸ್ಟೆಲಿನಲ್ಲಿ ಒಂದೇ ಪ್ರತಿ ಹದಿನೈದು ಜನರ ಕೈ ಬದಲಾಗ್ತಿತ್ತು. ಕಾಲೇಜು ಶಿಕ್ಷಣ ಇಲಾಖೆಯೂ 'ವಿಕಸನ', 'ಆಂಗ್ಲ', 'ನೈಪುಣ್ಯನಿಧಿ' ಅಂತೆಲ್ಲ ಕಾರ್ಯಕ್ರಮ ತಂತು. ಪದವಿ ಓದುವ ಹೆಣ್ಣುಮಕ್ಕಳಿಗೆ ಸಂಚಿ ಹೊನ್ನಮ್ಮನ ಹೆಸರಿನಲ್ಲಿ ವಿದ್ಯಾರ್ಥಿವೇತನವೂ ಬಂತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಕೆಲಸದವಳು ಹೊನ್ನಮ್ಮ. ಅವಳು ಬರೆದದ್ದು 'ಹದಿಬದೆಯ ಧರ್ಮ', ಅಂದರೆ ಗೃಹಿಣಿಯ ಕರ್ತವ್ಯ. ಅದರೊಳಗೇ ಹೆಣ್ಣೆಂದು ಹೀಗಳೆಯುವವರನ್ನು ತರಾಟೆಗೂ ತಗೊಂಡಿದ್ದಾಳೆ. ಅಡಿಕೆ ಸುಲಿದು ಓದುವವರಿಗೆ ಸಂಚಿಯವಳ ಹೆಸರು, ಇದ್ಯಾಕೋ ನನಗೆ ಸರಿಯಾಗಿದೆ ಅನ್ನಿಸುತ್ತೆ. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ 'ಡಿಜಿಟಲ್ ಫ್ಲುಯೆನ್ಸಿ' ಅನ್ನೋ ಪತ್ರಿಕೆಯೂ ಬಂತು. ಅದೇ ವರ್ಷ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಕೊಟ್ಟರು. ಅದೇ ವರ್ಷ ನಮ್ಮ ಕಡೆ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಭಿಯಾನವೂ ನಡೀತು. ಟ್ಯಾಬ್ ಹಿಡಿದು ಗುಡ್ಡ ಹತ್ತಿದರೆ ಕ್ಲಾಸು.

'ಸಾಫ್ಟ್ ಸ್ಕಿಲ್' ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? 1970ರ ಆಸುಪಾಸಿನಲ್ಲಿ ಅಮೆರಿಕದ ಸೈನ್ಯದಿಂದ. ಯಂತ್ರದ ಜೊತೆ ಮಾಡುವ ಕೆಲಸ ಹಾರ್ಡ್, ಯಂತ್ರವಿಲ್ಲದೆ ಜನ ಮತ್ತು ಕಾಗದದ ಜೊತೆ ಮಾಡುವ ಕೆಲಸ ಸಾಫ್ಟ್ ಅಂತ ತರಬೇತಿಗಾಗಿ ವಿಂಗಡಿಸಿಕೊಂಡರು. ಅಲ್ಲಿಂದ ಕಂಪನಿಗಳಿಗೆ, ಕಂಪನಿಗಳಿಂದ ನನ್ನ ಸ್ಲೈಡಿಗೆ, ಸ್ಲೈಡಿನಿಂದ ಚೊಗರು ಹತ್ತಿದ ಕೈಗೆ.

ಇದೆಲ್ಲ ಬೊಗಳೆ ಅಂತ ನಾನು ಹೇಳ್ತಿಲ್ಲ. ಅದರಿಂದ ಪ್ರಯೋಜನ ಇದೆ ಅನ್ನೋದಕ್ಕೆ ಪುರಾವೆಯೂ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನಿಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರ ಮೇಲೆ ನಡೆಸಿದ ಅಧ್ಯಯನ ಪ್ರಸಿದ್ಧವಾದದ್ದು. ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸೋದು ಇಂಥವನ್ನೆಲ್ಲ ಕಲಿಸಿದ ಮೇಲೆ ಆ ಹೆಂಗಸರ ಉತ್ಪಾದಕತೆ ಚೆನ್ನಾಗಿ ಏರಿತು. ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಸುಮಾರು ಎರಡೂವರೆ ಪಟ್ಟು ಲಾಭ ಬಂತು. ಹೆಂಗಸರ ಸಂಬಳ ಏರಿದ್ದು ಮಾತ್ರ ಕಣ್ಣಿಗೆ ಕಾಣದಷ್ಟು. ನನಗೆ ಈ ಅಧ್ಯಯನ ಓದಿದ ದಿನ ನಿದ್ದೆ ಬರಲಿಲ್ಲ. ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸಿಗೆ ನಸುಕಿನಲ್ಲೇ ಬಸ್ಸು ಹತ್ತುವ ನನ್ನ ಶಾಲೆಯ ಗೆಳತಿಯರು ನೆನಪಾದರು. ತರಬೇತಿಯಿಂದ ಬಂದ ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದು ನಮ್ಮ ಸ್ಲೈಡುಗಳಲ್ಲಿ ಎಲ್ಲೂ ಇರಲಿಲ್ಲ.

ಆ ಪ್ರಶ್ನೆಯನ್ನು ನಮ್ಮ ಕಡೆಯೇ ಒಬ್ಬರು ಬೇರೆ ಥರ ಎತ್ತಿಕೊಂಡಿದ್ದರು. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಹುಟ್ಟಿದ್ದು, ಕೆ.ವಿ. ಸುಬ್ಬಣ್ಣ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದದ್ದು ಎಲ್ಲರಿಗೂ ಗೊತ್ತು. ಅದೇ ಊರಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ತೊಂಬತ್ತರ ದಶಕದಲ್ಲಿ ಹಳ್ಳಿ ಹೆಂಗಸರ ಜೊತೆ ಸೇರಿ 'ಚರಕ' ಕಟ್ಟಿದರು. ಮಹಿಳೆಯರ ಕೈಗಾರಿಕಾ ಸಹಕಾರ ಸಂಘ. ನೇಯ್ಗೆ, ಬಣ್ಣ, ಅಚ್ಚು, ಹೊಲಿಗೆ. ಹೌದು, ಅಮ್ಮ ಕಲಿತ ಅದೇ ಹೊಲಿಗೆ. ವ್ಯತ್ಯಾಸ ಏನಂದರೆ ಅಲ್ಲಿ ಹೊಲಿದ ಅಂಗಿ ಮಾರೋಕೆ 'ದೇಸಿ' ಅಂಗಡಿಗಳಿದ್ದವು, ಹೆಂಗಸರೇ ಸಂಘದ ಸದಸ್ಯರು, ಕೆಲಸ ಮನೆಯಿಂದ ನಡೆದು ಹೋಗುವ ದೂರದಲ್ಲಿತ್ತು. ಬೆಂಗಳೂರಿನಲ್ಲಿ ನೀವು ಕೊಂಡ ದೇಸಿ ಕುರ್ತಾದ ಕಂದುಗೆಂಪು ಬಣ್ಣದಲ್ಲಿ ಅಡಿಕೆ ಚೊಗರು ಇರಬಹುದು, ಚರಕದವರು ಅದನ್ನು ನೈಸರ್ಗಿಕ ಬಣ್ಣವಾಗಿ ಬಳಸುತ್ತಾರೆ. ದುಪಟ್ಟಾ ಒಳಗೆ ಅಡಗಿಸಿಟ್ಟುಕೊಂಡ ಅದೇ ಕಪ್ಪು. ಚರಕವೂ ಸುಲಭದಲ್ಲಿ ನಡೆದಿಲ್ಲ. ಕೋವಿಡ್ ಕಾಲದಲ್ಲಿ, 2020ರಲ್ಲಿ, ದುಡ್ಡಿಲ್ಲದೆ ಕೆಲಸ ನಿಲ್ಲಿಸುವ ಸ್ಥಿತಿಗೆ ಬಂದು ಸುದ್ದಿಯಾಗಿತ್ತು. ಅದೊಂದೇ ದಾರಿ ಅಂತ ವಾದ ಮಾಡೋಕೆ ನನಗೆ ಧೈರ್ಯವಿಲ್ಲ, ಡಿಗ್ರಿ ಮಾಡಿದ ಎಲ್ಲ ಹುಡುಗೀರೂ ಮಗ್ಗದ ಮುಂದೆ ಕೂರಬೇಕು ಅಂತಲೂ ಇಲ್ಲ. ಆದರೆ ತರಬೇತಿ, ಮಾರುಕಟ್ಟೆ, ದೂರ, ಒಡೆತನ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಿದವರು ನಮ್ಮ ತಾಲ್ಲೂಕುಗಳಲ್ಲಿ ಅಪರೂಪ.

2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲೇ ಯುವನಿಧಿಗೆ ಚಾಲನೆ ಕೊಟ್ಟರು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಎರಡು ವರ್ಷದ ತನಕ. ಪದವಿ ಇದ್ದೂ ಕೆಲಸ ಇಲ್ಲದವರು ಇಷ್ಟೊಂದು ಜನ ಇದ್ದಾರೆ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯ್ತು.

ಆ ತರಬೇತಿಯ ಎರಡನೇ ದಿನ ನಾನು ಸ್ಲೈಡ್ ಹಾಕಲಿಲ್ಲ. ಟ್ರೇನರಿಗೆ ಬೇಜಾರಾಯ್ತು, ಫೀಡ್‌ಬ್ಯಾಕ್ ಫಾರಂ ಬೇರೆ ತುಂಬಿಸಬೇಕಿತ್ತು. "ನಿಮಗೆ ಚೆನ್ನಾಗಿ ಗೊತ್ತಿರೋದನ್ನ ಬೋರ್ಡಿನ ಮುಂದೆ ಬಂದು ಐದು ನಿಮಿಷ ಹೇಳಿ" ಅಂದೆ. ಒಬ್ಬಳು ಹಸೆ ಚಿತ್ತಾರ ಬರೆಯೋದು ಹೇಗೆ ಅಂತ ಹೇಳಿದಳು. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು. ದೀವರ ಮನೆಯ ಅಜ್ಜಿಯಿಂದ ಕಲಿತದ್ದು. ಇನ್ನೊಬ್ಬಳು ಹೋಮ್‌ಸ್ಟೇಗೆ ಬರೋ ಬೆಂಗಳೂರಿನವರನ್ನು ಅಣಕಿಸಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು, ನನ್ನನ್ನೂ ಸೇರಿಸಿ.

ಎರಡನೇ ಬೆಂಚಿನ ಹುಡುಗಿ ಬಂದವಳು ಬೋರ್ಡಿನ ಮೇಲೆ ಗೆರೆ ಎಳೆದಳು. ಹನ್ನೊಂದು ಸಾಲು, ಹನ್ನೊಂದು ಜನ ಹೆಂಗಸರು. ಯಾರು ಎಷ್ಟು ಡಬ್ಬ ಸುಲಿದರು, ಮುಂಗಡ ಎಷ್ಟು ತಗೊಂಡಿದ್ದರು, ವಾರದ ಕೊನೆಗೆ ಬರಬೇಕಾದ್ದೆಷ್ಟು. ಅವಳ ಗುಂಪಿನ ಲೆಕ್ಕ ಅವಳೇ ಇಡ್ತಾಳೆ. ಯಾಕೆ ಇಡೋಕೆ ಶುರು ಮಾಡಿದೆ ಅಂತ ಕೇಳಿದೆ.

"ಡಬ್ಬ ಮಟ್ಟಸ ತುಂಬಿದ್ರೆ ಅವರು ಒಪ್ಪಲ್ಲ ಅಕ್ಕ, ಗೋಪುರ ಮಾಡಿ ತುಂಬಿಸ್ತಾರೆ. ಹತ್ತು ಡಬ್ಬಕ್ಕೆ ಒಂದು ಡಬ್ಬ ಹೋಗ್ತದೆ. ಅಮ್ಮಂಗೆಲ್ಲ ಗೊತ್ತಾಗ್ತಿರ್ಲಿಲ್ಲ. ನಾನು ಒಂದು ದಿನ ಎಲ್ಲರೆದುರು ಅಳೆದು ತೋರಿಸ್ದೆ. ಈಗ ಮಟ್ಟಸವೇ ತಗೋತಾರೆ."

ನಾನು ಕಾಗೋಡಿನ ಕೊಳಗದ ವಿಷಯ ಹೇಳಿದೆ. ಪಾಠದಲ್ಲಿ ಬಂದಿತ್ತು ಅಂದಳು, ಕೊಳಗ ಅಂದರೆ ಏನಂತ ಮಾತ್ರ ಯಾರೂ ಹೇಳಿರಲಿಲ್ಲವಂತೆ.

ನಾಲ್ಕೂ ಹತ್ತರ ಬಸ್ಸಿಗೆ ಇನ್ನು ಹದಿನೈದು ನಿಮಿಷ ಇತ್ತು. ಅವಳು ಬ್ಯಾಗ್ ಹೆಗಲಿಗೇರಿಸಿಕೊಂಡೇ ಬಂದು ಕೇಳಿದಳು, "ಅಕ್ಕ, ಈ ಲೆಕ್ಕದ್ದು ರೆಸ್ಯೂಮೆಲಿ ಹಾಕ್ಬಹುದಾ?" ಹಾಕಬಹುದು, ಎಕ್ಸ್‌ಪೀರಿಯೆನ್ಸ್ ಅನ್ನೋ ಕಡೆ ಹಾಕು ಅಂದೆ. ಅಲ್ಲೇ ನಿಂತು ಬರೆಯೋಕೆ ಶುರು ಮಾಡಿದಳು. ಹನ್ನೊಂದು ಜನರ ಕೂಲಿ ಲೆಕ್ಕ, ಎರಡು ವರ್ಷ. ಅರ್ಧಕ್ಕೆ ನಿಲ್ಲಿಸಿ "ಡಬ್ಬಕ್ಕೆ ಇಂಗ್ಲಿಷಲ್ಲಿ ಎಂತ ಬರೀಲಿ?" ಅಂದಳು. ನಾನು ಯೋಚನೆ ಮಾಡ್ತಾ ಇರುವಾಗಲೇ ಹೊರಗೆ ಹಾರನ್ ಕೇಳಿಸ್ತು. ಪೆನ್ನು ನನ್ನ ಕೈಗೆ ಕೊಟ್ಟು ಓಡಿದಳು.